ಅಪ್ಪನ ಗುಂಯ್‌ಗುಡುವ ಕೈ

ಅಪ್ಪನಿಗೆ ಡಯಾಲಿಸಿಸ್ ಶುರುವಾದಾಗ ನಾನು ಬಿ.ಕಾಂ. ಓದುತ್ತಿದ್ದೆ. ‘ಇನ್ನೆಷ್ಟು ದಿನ?’ ಎಂಬ ಪ್ರಶ್ನೆಯೊಂದೇ ತಲೆಯಲ್ಲಿ. ವಾರಕ್ಕೆ 3 ಸಲ ಕೆ.ಆರ್. ಪುರದಿಂದ ಮೆಟ್ರೊ ಹತ್ತಿ ಇಂದಿರಾನಗರದ ಆಸ್ಪತ್ರೆಗೆ. ಅಪ್ಪ 4 ಗಂಟೆ ಯಂತ್ರದ ಪಕ್ಕ, ನಾನು ಹೊರಗೆ ಪುಸ್ತಕದ ಪಕ್ಕ.

ಅಲ್ಲೇ ಓದಿದ್ದು: 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಕ್ಲೈಡ್ ಶೀಲ್ಡ್ಸ್ ಎಂಬುವರ ಕೈಗೆ ಟೆಫ್ಲಾನ್ ಕೊಳವೆ ಕೂರಿಸಿ, ಮತ್ತೆ ಮತ್ತೆ ಡಯಾಲಿಸಿಸ್ ಮಾಡುವ ದಾರಿ ತೆರೆದರು. ಸಾವಿನ ಅಂಚಿನಲ್ಲಿದ್ದ ಶೀಲ್ಡ್ಸ್ ಮುಂದೆ 11 ವರ್ಷ ಬದುಕಿದರು.

ಅಪ್ಪನ ಪಕ್ಕದ ಹಾಸಿಗೆಯ ಹಲಸೂರಿನ ಅಂಕಲ್‌ಗೆ ಈಗ 12ನೇ ವರ್ಷ. ಗುಟ್ಟೇನೆಂದು ಕೇಳಿದೆ. ‘ಒಂದು ದಿನಾನೂ ತಪ್ಪಿಸಲ್ಲ. ನೀರು ಅಳೆದು ಕುಡೀತೀನಿ. ಫಿಸ್ಟುಲಾ ಇರೋ ಕೈಯಲ್ಲಿ ಭಾರ ಎತ್ತಲ್ಲ, ಬಿಪಿ ನೋಡೋಕೂ ಬಿಡಲ್ಲ. ಅಷ್ಟೇನಪ್ಪ’ ಎಂದರು.

ಮೊನ್ನೆ ನನಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಬೇಡ ಎನ್ನಲು ಹೊರಟಿದ್ದೆ. ಅಪ್ಪ ತಮ್ಮ ಎಡಗೈ ಮೇಲೆ ನನ್ನ ಬೆರಳಿಡಿಸಿದರು. ರಕ್ತನಾಳಗಳನ್ನು ಜೋಡಿಸಿದ ಜಾಗದಲ್ಲಿ ಚರ್ಮದಡಿ ಗುಂಯ್ ಎನ್ನುತ್ತಿತ್ತು. ‘ಇದು ನಡೀತಿದೆಯಲ್ಲ! ಮೆಟ್ರೊ ಹತ್ತೋಕೆ ನನಗೂ ಬರುತ್ತೆ. ನೀನು ಹೋಗು.’

ಈಗ ದಿನಾ ರಾತ್ರಿ ಫೋನಿನಲ್ಲಿ ನನ್ನ ಮೊದಲ ಮಾತು: ‘ಅಪ್ಪಾ, ಕೈ ಗುಂಯ್ ಅಂತಿದೆಯಾ?’