ಡ್ರೈವರ್‌ಗೊಂದು ಕೈಪಿಡಿ

ಬಿಡುವಿನಲ್ಲಿ ‘ಡ್ರೈವರ್‌ಗೆ ಕೈಪಿಡಿ ಬರೆಯುತ್ತೇನೆ’ ಎಂದರೆ ಊರಿನವರು ಆರ್‌ಟಿಓ ಕಡೆ ಯೋಚಿಸುತ್ತಾರೆ! ಇದು ಲಿನಕ್ಸ್‌ನ ‘ಬಿಟಿಟಿವಿ’ ಡ್ರೈವರ್. ಬಿಟಿ848, ಬಿಟಿ878 ಚಿಪ್ಪಿನ ವಿಡಿಯೋ ಕ್ಯಾಪ್ಚರ್ ಕಾರ್ಡುಗಳನ್ನು ನಡೆಸುವ ಮುಕ್ತ ತಂತ್ರಾಂಶ. ಮದುವೆ, ನಾಮಕರಣಗಳ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಲು ಈ ಹಳೇ ಕಾರ್ಡುಗಳು ಇಂದಿಗೂ ಸಾಕು. ಪಿಸಿಐ ಸ್ಲಾಟ್ ಇರುವ ಹಳೇ ಕಂಪ್ಯೂಟರ್ ಇರಬೇಕು, ಅಷ್ಟೆ.

ತೊಡಕು ಚಿಪ್ಪಿನದಲ್ಲ. ಅದೇ ಚಿಪ್ಪನ್ನು ಹತ್ತಾರು ಕಂಪನಿಗಳು ತಮ್ಮ ಕಾರ್ಡುಗಳಲ್ಲಿ ಕೂರಿಸಿ, ಟ್ಯೂನರ್, ಧ್ವನಿಯ ಜೋಡಣೆಯನ್ನು ಮನಬಂದಂತೆ ಮಾಡಿದವು. ಕೆಲವು ಕಾರ್ಡುಗಳಂತೂ ತಮ್ಮ ಗುರುತನ್ನೇ ಹೇಳುವುದಿಲ್ಲ. ಪಟ್ಟಿ ನೋಡಿ ಮಾದರಿಯ ಸಂಖ್ಯೆಯನ್ನು ನಾವೇ ಕೊಡಬೇಕು. ಪಟ್ಟಿಯಲ್ಲಿ 150ಕ್ಕೂ ಹೆಚ್ಚು ಮಾದರಿಗಳಿವೆ. ಸಂಖ್ಯೆ ತಪ್ಪಿದರೆ ಚಿತ್ರ ಬಂದರೂ ಧ್ವನಿ ಬಾರದಿರಬಹುದು: ವಾಲಗದವರು ಕೆನ್ನೆ ಉಬ್ಬಿಸುತ್ತಲೇ ಇರುತ್ತಾರೆ, ಸದ್ದಿಲ್ಲ!

ಅಮೆರಿಕದಲ್ಲಿರುವ ನಮಗೆ ಇನ್ನೊಂದು ತಾಪತ್ರಯ. ಭಾರತದ ಕ್ಯಾಸೆಟ್ಟು ಪ್ಯಾಲ್, ಅಂದರೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಇಲ್ಲಿಯದು ಎನ್‌ಟಿಎಸ್‌ಸಿ: 525 ಗೆರೆ, ಸುಮಾರು 30 ಚಿತ್ರ. ಚಿಪ್ ಎರಡನ್ನೂ ಬಲ್ಲದು, ಯಾವುದೆಂದು ಹೇಳಿದರಾಯಿತು. ಆದರೆ ವಿಸಿಆರ್ ಕೂಡ ಪ್ಯಾಲ್ ಓದಬೇಕಲ್ಲ! ಕೋಡ್ ಬರೆಯುವವರಿಗೆ ಇದು ಹೇಳುವಂಥ ಮಾತೇ ಅಲ್ಲ. ನಾನು ಹಟ ಹಿಡಿದು ಮೊದಲ ಪುಟಕ್ಕೇ ಹಾಕಿದ್ದೇನೆ.

ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಟೇಪೂ ವರ್ಷದಿಂದ ವರ್ಷಕ್ಕೆ ಹಾಳಾಗುತ್ತದೆ. ನಿಮ್ಮಲ್ಲಿ ಕ್ಯಾಸೆಟ್ಟುಗಳಿದ್ದರೆ ಈ ರಜೆಯಲ್ಲೇ ಹೊರತೆಗೆಯಿರಿ. ಕಾರ್ಡಿನ ಸಂಖ್ಯೆ ತಿಳಿಯದಿದ್ದರೆ ಅದರ ಎರಡೂ ಬದಿಯ ಫೋಟೋ ಕಳಿಸಿ. ಪಟ್ಟಿ ನೋಡಿ ಹೇಳುತ್ತೇನೆ.