ಸಂಪಿನೊಳಗಿನ ಚೆಂಡು

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟುವವರು ಮೊದಲು ವಿಚಾರ ಮಾಡುವುದು ಸಂಪಿನದು. ಊರಿನ ಬಹಳಷ್ಟು ಓಣಿಗಳಿಗೆ ಎಷ್ಟೋ ವರ್ಷಗಳಿಂದ ನಳ ಬರುವುದು ಕೆಲವು ದಿನಗಳಿಗೊಮ್ಮೆ. ಸವದತ್ತಿ ಹತ್ತಿರದ ನವಿಲುತೀರ್ಥದಿಂದ ಹೊರಟ ಮಲಪ್ರಭೆಯ ನೀರು ಅಮ್ಮಿನಭಾವಿಯಲ್ಲಿ ಶುದ್ಧಗೊಂಡು ಇಲ್ಲಿಗೆ ಮುಟ್ಟುತ್ತದೆ. ಅಷ್ಟು ದೂರದಿಂದ ಬಂದ ನೀರು ಸಂಪು ತುಂಬಿದ ಮೇಲೆ ಗಟಾರದ ಪಾಲಾಗದಂತೆ ತಡೆಯುವುದು ಬಾಲ್‌ಕಾಕ್. ನೀರೇರಿದಂತೆ ಅದರ ತೇಲುವ ಚೆಂಡು ಮೇಲೆದ್ದು, ಸರಳಿನ ಮೂಲಕ ಪಿಸ್ಟನ್ ಒತ್ತಿ ನೀರು ಬರುವ ರಂಧ್ರವನ್ನು ಮುಚ್ಚುತ್ತದೆ. ಮನೆಯವರೆಲ್ಲ ಮಲಗಿದ್ದಾಗಲೂ ಅದು ತನ್ನ ಕೆಲಸ ಬಿಡುವುದಿಲ್ಲ.

ಅದರ ಬಲ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು. 11 ಸೆಂ.ಮೀ. ಅಡ್ಡಳತೆಯ ಚೆಂಡಿನ ಗಾತ್ರ ಸುಮಾರು 700 ಮಿ.ಲೀ. ಅರ್ಧ ಮುಳುಗಿದರೆ ನೀರು ಅದನ್ನು 350 ಗ್ರಾಂನಷ್ಟು ಬಲದಿಂದ ಮೇಲಕ್ಕೆ ನೂಕುತ್ತದೆ. ಚೆಂಡಿನ ಸರಳು ಮೊಳೆಯೊಂದರ ಮೇಲೆ ತಿರುಗುವ ಸನ್ನೆ. ಮೊಳೆಯಿಂದ ಚೆಂಡಿನವರೆಗಿನ ಉದ್ದ, ಮೊಳೆಯಿಂದ ಪಿಸ್ಟನ್‌ವರೆಗಿನ ಉದ್ದದ ಹತ್ತು ಪಟ್ಟಿದ್ದರೆ ಪಿಸ್ಟನ್ ತುದಿಯ ರಬ್ಬರ್ ವಾಷರ್ ಮೇಲೆ ಮೂರೂವರೆ ಕಿಲೋನಷ್ಟು ಬಲ ಬೀಳುತ್ತದೆ. ವಾಷರ್ ಎದುರಿಗಿರುವುದು ನೀರು ಬರುವ 6 ಮಿ.ಮೀ. ರಂಧ್ರ ಎನ್ನೋಣ. ಹತ್ತು ಮೀಟರ್ ಎತ್ತರದ ಟಾಕಿಯಿಂದ ಬಂದ ನೀರು ಅದರಲ್ಲಿ ತಳ್ಳುವುದು 280 ಗ್ರಾಂನಷ್ಟು ಮಾತ್ರ. ಚೆಂಡು, ಸರಳುಗಳ ತೂಕ ಕಳೆದರೂ ಗೆಲ್ಲುವುದು ಚೆಂಡೇ.

ಹಾಗಿದ್ದರೂ ಸೋರುವುದೇಕೆ? ನೀರು ಬಿಡದ ದಿನಗಳಲ್ಲಿ ಪೈಪು ಖಾಲಿ. ಬಿಟ್ಟೊಡನೆ ಮೊದಲು ಗಾಳಿ ಭುಸುಗುಟ್ಟುತ್ತದೆ, ಹಿಂದೆಯೇ ತಳದ ರಾಡಿ, ತುಕ್ಕಿನ ಚೂರು ಎದ್ದು ಬರುತ್ತವೆ. ಒಂದು ಮರಳಿನ ಹರಳು ವಾಷರ್‌ಗೂ ರಂಧ್ರದ ಅಂಚಿಗೂ ನಡುವೆ ಸಿಕ್ಕರೆ ಸಾಕು, ಬಾಯಿ ಪೂರ್ತಿ ಮುಚ್ಚುವುದಿಲ್ಲ. ಹನಿ ಸಣ್ಣದೆಂದು ಬಿಡಬಾರದು: ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು.

ರಿಪೇರಿ ಹೊಸಬರ ಕೈಗೂ ಸಾಧ್ಯ. ನೀರು ಬಿಡದ ದಿನ ಮಾಡಿ, ಹೊರಗಿನ ವಾಲ್ವ್ ಮುಚ್ಚಿಕೊಳ್ಳಿ. ಸಂಪಿನೊಳಗೆ ಇಳಿಯಬೇಡಿ, ಮುಚ್ಚಳದಿಂದಲೇ ಕೈಗೆ ಸಿಗುವಷ್ಟು ಮಾತ್ರ ಬಿಚ್ಚಿ. ಮೊದಲು ಚೆಂಡನ್ನು ತಿರುಗಿಸಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ನೀರು ಕುಲುಕಿದರೆ ಚೆಂಡು ಸೀಳಿದೆ, ಬದಲಿಸಬೇಕು. ಇಲ್ಲವಾದರೆ ಸರಳಿನ ಮೊಳೆ ಎಳೆದು ಪಿಸ್ಟನ್ ಹೊರತೆಗೆಯಿರಿ. ಅದರ ವಾಷರ್ ಮೇಲೆ ರಂಧ್ರದ ಅಂಚು ಉಂಗುರದಂತೆ ಅಚ್ಚೊತ್ತಿರುತ್ತದೆ. ಆ ಉಂಗುರಕ್ಕೆ ಅಡ್ಡಲಾಗಿ ಗೀರು ಬಿದ್ದಿದ್ದರೆ ನೀರು ನುಸುಳುವುದು ಅಲ್ಲಿಂದಲೇ. ವಾಷರ್ ಬದಲಿಸಿ, ರಂಧ್ರದ ಅಂಚನ್ನು ಬಟ್ಟೆಯಿಂದ ಒರೆಸಿ. ನೀರು ಬೇಗ ನಿಲ್ಲಬೇಕಾದರೆ ಹಿತ್ತಾಳೆ ಸರಳನ್ನು ಕೆಳಕ್ಕೆ ತುಸು ಬಗ್ಗಿಸಿ. ಚೆಂಡು ಗೋಡೆಗೆ ತಾಗಬಾರದು.

ಇದಕ್ಕಿಂತ ಮುಖ್ಯವಾದದ್ದು ಬಾಲ್‌ಕಾಕ್ ಎಷ್ಟು ಎತ್ತರದಲ್ಲಿದೆ ಎಂಬುದು, ಏಕೆಂದರೆ ಓಣಿಯ ಪೈಪಿನ ನೀರಿನ ಶುದ್ಧತೆ ಅದನ್ನೂ ಅವಲಂಬಿಸಿದೆ. 2008ರ ಹೊತ್ತಿಗೆ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬರತೊಡಗಿತು. ಆ ವಾರ್ಡುಗಳನ್ನೂ ಉಳಿದವನ್ನೂ ಹೋಲಿಸಿ ಸಂಶೋಧಕರಾದ ಎಮಿಲಿ ಕುಂಪೆಲ್, ಕಾರಾ ನೆಲ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಕಳವಳ ಹುಟ್ಟಿಸುತ್ತದೆ: ಬಿಟ್ಟುಬಿಟ್ಟು ಬರುವ ನಳದ ಮಾದರಿಗಳಲ್ಲಿ ಶೇ. 31.7ರಷ್ಟರಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತ್ತು, ದಿನವಿಡೀ ಬರುವಲ್ಲಿ ಶೇ. 0.7ರಲ್ಲಿ ಮಾತ್ರ. ಒತ್ತಡ ಇಳಿದ ಪೈಪು ಬಿರುಕುಗಳಿಂದ ಸುತ್ತಲಿನ ಕೊಳೆಯನ್ನು ಹೀರಿಕೊಳ್ಳುತ್ತದೆ. ನಳಕ್ಕೇ ಮೋಟರ್ ಹಚ್ಚಿದರೆ ಆ ಹೀರುವಿಕೆ ಇನ್ನಷ್ಟು ಜೋರು. ಬಾಲ್‌ಕಾಕ್ ನೀರಿನಲ್ಲಿ ಮುಳುಗಿದ್ದರೆ ಅಥವಾ ಅದಕ್ಕೆ ಪೈಪಿನ ತುಂಡು ಸಿಕ್ಕಿಸಿ ಸಂಪಿನ ತಳಕ್ಕೆ ಇಳಿಬಿಟ್ಟಿದ್ದರೆ, ನಿಮ್ಮ ಸಂಪಿನ ನೀರೂ ಹಿಮ್ಮುಖವಾಗಿ ಹರಿದು ಓಣಿಯ ಪೈಪನ್ನು ಸೇರಬಹುದು. ಬಾಲ್‌ಕಾಕ್‌ನ ಬಾಯಿ, ತುಂಬಿದ ನೀರಿನ ಮಟ್ಟಕ್ಕಿಂತ, ಹೆಚ್ಚಾದ ನೀರು ಹೊರಹೋಗುವ ಕಂಡಿಗಿಂತಲೂ ಮೇಲಿರಲಿ. ಇಳಿಬಿಟ್ಟ ತುಂಡು ಇದ್ದರೆ ಇವತ್ತೇ ಕಿತ್ತುಹಾಕಿ.