ಕಲಿಯುವ ಚಿಕಿತ್ಸಕರು ಬಚ್ಚಿಡುವ ಮಾತು

"ರೆಕಾರ್ಡರ್ ಆನ್ ಮಾಡೋಕೆ ಮರೆತುಹೋಯ್ತು ಮೇಡಂ."

ಮನೋಚಿಕಿತ್ಸೆ ಕಲಿಸುವ ಯಾರನ್ನು ಬೇಕಾದರೂ ಕೇಳಿ, ಈ ಮಾತು ಅವರ ಕಿವಿಗೆ ಬಿದ್ದೇ ಇರುತ್ತದೆ. ಎಷ್ಟೋ ಸಲ ಅದು ನಿಜವೇ. ಆದರೆ ಮೂರನೆಯ ವಾರವೂ ಅದೇ ಕ್ಲೈಂಟಿನ ಸೆಷನ್ ಮಾತ್ರ ರೆಕಾರ್ಡ್ ಆಗಿಲ್ಲವೆಂದರೆ, ಒಳಗೆ ಏನೋ ನಡೆದಿದೆ, ಹೇಳಿಕೊಳ್ಳಲು ಟ್ರೈನಿಗೆ ಬಾಯಿ ಬರುತ್ತಿಲ್ಲ ಎಂದು ಅನುಮಾನಪಡಬೇಕು. "ಮುಂದಿನ ವಾರ ರೆಕಾರ್ಡಿಂಗ್ ಇಲ್ಲದೆ ಬರಬೇಡಿ" ಎಂದು ಗದರಿದರೆ ರೆಕಾರ್ಡಿಂಗ್ ಖಂಡಿತ ಬರುತ್ತದೆ, ಚೆನ್ನಾಗಿ ನಡೆದ ಇನ್ಯಾವುದೋ ಸೆಷನ್ನಿನದು. "ಇವರ ಜೊತೆ ಕೂರೋದು ಕಷ್ಟ ಆಗ್ತಿದೆ ಅಲ್ವಾ?" ಎಂದು ಮೆಲ್ಲಗೆ ಕೇಳಿದರೆ ನಡೆದದ್ದು ಹೊರಬೀಳಬಹುದು. ಆ ಕ್ಲೈಂಟ್ ಹೋದ ಸಲ ಈ ಟ್ರೈನಿ ಹುಡುಗಿಯ ವಯಸ್ಸು ಕೇಳಿ, "ನಿಮಗಿನ್ನೂ ಮದುವೆನೇ ಆಗಿಲ್ಲ, ನನ್ನ ಸಂಸಾರದ ಕಷ್ಟ ನಿಮಗೇನು ಗೊತ್ತಾಗುತ್ತೆ" ಅಂದಿದ್ದಾರೆ. ಇವಳಿಗೆ ಉತ್ತರ ಹೊಳೆದಿಲ್ಲ. ಉಳಿದ ಅರ್ಧ ಗಂಟೆ ಗಾಬರಿಯಲ್ಲಿ ಸಲಹೆಯ ಮೇಲೆ ಸಲಹೆ ಕೊಟ್ಟು ಕಳಿಸಿದ್ದಾಳೆ.

ಶಸ್ತ್ರಚಿಕಿತ್ಸೆ ಕಲಿಯುವ ಕಿರಿಯ ವೈದ್ಯರ ಕೈಯನ್ನು ಹಿರಿಯರು ಪಕ್ಕದಲ್ಲೇ ನಿಂತು ಗಮನಿಸುತ್ತಾರೆ. ಮನೋಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಒಳಗೆ ಏನಾಯಿತು ಎಂದು ಹಿರಿಯರಿಗೆ ತಿಳಿಯುವುದು ಟ್ರೈನಿ ಬರೆದು ತರುವ ಟಿಪ್ಪಣಿಯಿಂದ, ಕ್ಲೈಂಟಿನ ಒಪ್ಪಿಗೆ ಪಡೆದು ಮಾಡಿಕೊಂಡ ರೆಕಾರ್ಡಿಂಗಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ಟ್ರೈನಿಯ ಬಾಯಿಂದ. ವಾರಕ್ಕೊಮ್ಮೆ ಹೀಗೆ ಕೂತು ಕೇಸುಗಳನ್ನು ಬಿಡಿಸಿ ನೋಡುವುದಕ್ಕೇ ಸೂಪರ್‌ವಿಷನ್ ಎನ್ನುತ್ತಾರೆ. ಇದು ತರಬೇತಿಯ ಕಡ್ಡಾಯ ಭಾಗವಾಗಿ ರೂಪುಗೊಂಡದ್ದು ಬರ್ಲಿನ್ನಿನಲ್ಲಿ. ಬಡವರಿಗೂ ಮನೋವಿಶ್ಲೇಷಣೆ ಸಿಗಲೆಂದು 1920ರಲ್ಲಿ ಅಲ್ಲಿ ಮ್ಯಾಕ್ಸ್ ಐಟಿಂಗೊನ್ ಮತ್ತು ಸಂಗಡಿಗರು ಚಿಕಿತ್ಸಾಲಯ ತೆರೆದಾಗ, ಹೊಸಬರ ಕೈಗೆ ರೋಗಿಗಳನ್ನು ಒಪ್ಪಿಸುವುದು ಅನಿವಾರ್ಯವಾಯಿತು. ಒಪ್ಪಿಸಿದ ಮೇಲೆ ಅವರ ಮೇಲೆ ಕಣ್ಣಿಡುವುದೂ ಅನಿವಾರ್ಯವಾಯಿತು. ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ಕ್ಲಿನಿಕಲ್ ಮನಃಶಾಸ್ತ್ರದ ತರಬೇತಿ ಆರಂಭಿಸಿತು. ಅದೇ ಸಂಸ್ಥೆ 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯ ಜೊತೆ ಸೇರಿ ನಿಮ್ಹಾನ್ಸ್ ಆಯಿತು.

ಈ ವ್ಯವಸ್ಥೆಯ ದುರ್ಬಲ ಜಾಗ ಎಲ್ಲಿದೆ ಎಂದು 1996ರಲ್ಲಿ ಅಮೆರಿಕದ ನಿಕೊಲಸ್ ಲದಾನಿ ಮತ್ತು ಸಹೋದ್ಯೋಗಿಗಳು ನೇರವಾಗಿ ಕೇಳಿದರು. ತರಬೇತಿಯಲ್ಲಿದ್ದ 108 ಮಂದಿಗೆ, ಸೂಪರ್‌ವೈಸರಿಗೆ ಹೇಳದೆ ಉಳಿಸಿಕೊಂಡದ್ದೇನು ಎಂದು ಬರೆಯಲು ಹೇಳಿದರು. ಶೇ 97ಕ್ಕೂ ಹೆಚ್ಚು ಜನ ಏನಾದರೊಂದನ್ನು ಮುಚ್ಚಿಟ್ಟಿದ್ದರು. ಚಿಕಿತ್ಸೆಯಲ್ಲಿ ಆದ ತಪ್ಪನ್ನು ಮುಚ್ಚಿಟ್ಟವರು ಶೇ 44ರಷ್ಟು. ಇದೇ ದೊಡ್ಡ ಸಂಖ್ಯೆ ಅನ್ನಿಸಬಹುದು. ಆದರೆ ಸುಮಾರು ಶೇ 90 ಮಂದಿ ಬಚ್ಚಿಟ್ಟದ್ದು ಬೇರೆಯದನ್ನೇ: ಸೂಪರ್‌ವೈಸರ್ ಬಗ್ಗೆಯೇ ತಮಗಿದ್ದ ಬೇಸರವನ್ನು. ಕ್ಲೈಂಟಿನ ಕಷ್ಟ ಹೇಳಿಕೊಳ್ಳಲು ಬಂದವರು, ಎದುರಿಗೆ ಕೂತವರ ಬಗ್ಗೆ ಕಹಿ ನುಂಗಿಕೊಂಡೇ ಮಾತಾಡುತ್ತಿದ್ದರು.

ಇದರಲ್ಲಿ ಆಶ್ಚರ್ಯವಿಲ್ಲ. ಮನಸ್ಸು ಬಿಚ್ಚಿ ಮಾತಾಡು ಎನ್ನುವವರೇ ವರ್ಷದ ಕೊನೆಗೆ ಅಂಕ ಕೊಡುವವರು, ಸಹಿ ಹಾಕುವವರು. ನಮ್ಮಲ್ಲಿ ಇದಕ್ಕೆ ಇನ್ನೊಂದು ಭಾರ ಸೇರುತ್ತದೆ. ಗುರುಗಳ ಎದುರು ಮಾತಾಡಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಜೆ.ಎಸ್. ನೇಕಿ 1973ರಲ್ಲಿ, ಭಾರತೀಯ ರೋಗಿಗೂ ಚಿಕಿತ್ಸಕನಿಗೂ ನಡುವಿನ ನಂಟಿಗೆ ಗುರು–ಚೇಲಾ ಸಂಬಂಧ ಮಾದರಿಯಾಗಬಲ್ಲದು ಎಂದು ಬರೆದರು. ರೋಗಿಯ ಮಟ್ಟಿಗೆ ಆ ವಿಚಾರಕ್ಕೆ ತೂಕವಿದೆ. ಆದರೆ ಚಿಕಿತ್ಸಕರನ್ನು ತಯಾರು ಮಾಡುವ ಕೋಣೆಗೆ ಆ ಭಕ್ತಿಯನ್ನು ಹಾಗೇ ತಂದರೆ ಅನಾಹುತವೇ ಸರಿ. "ಹೌದು ಸರ್, ಖಂಡಿತ ಸರ್" ಎನ್ನುವ ಟ್ರೈನಿ ಹೊರಗೆ ಹೋಗಿ ತನಗೆ ತೋಚಿದ್ದನ್ನೇ ಮಾಡುತ್ತಾನೆ. ಅದರ ಪರಿಣಾಮ ಉಣ್ಣುವವರು ಆ ಕೋಣೆಯಲ್ಲೇ ಇರದ ಕ್ಲೈಂಟ್. ಹಾಗಾಗಿ ಮೌನ ಮುರಿಯುವ ಹೊಣೆ ಹಿರಿಯರದು ಎಂದು ನಾನು ದೃಢವಾಗಿ ನಂಬುತ್ತೇನೆ. ಅಧಿಕಾರ ಇರುವವರೇ ಮೊದಲು ಕೇಳಬೇಕು: "ಹೋದ ವಾರ ನಾನು ಅಂದದ್ದು ನಿಮಗೆ ಬೇಜಾರಾಯ್ತಾ?" ಕೇಳಿ, ಬರುವ ಉತ್ತರವನ್ನು ತಡೆದುಕೊಳ್ಳಬೇಕು. ಉತ್ತರ ಕೇಳಿಸಿಕೊಂಡು ಮನಸ್ಸಿನಲ್ಲಿಟ್ಟುಕೊಂಡರೆ, ಆ ಟ್ರೈನಿ ಇನ್ನೆಂದೂ ಬಾಯಿ ಬಿಡುವುದಿಲ್ಲ.

ಸೂಪರ್‌ವಿಷನ್ ಕೋಣೆಯ ಜಗಳಗಳಲ್ಲಿ ಕೆಲವು ನಿಜಕ್ಕೂ ಆ ಕೋಣೆಯವಲ್ಲ ಎಂಬುದನ್ನು ಮೊದಲು ಸ್ಪಷ್ಟವಾಗಿ ಬರೆದವರು ಹೆರಾಲ್ಡ್ ಸರ್ಲ್ಸ್. ತೀವ್ರ ಮನೋರೋಗಿಗಳಿದ್ದ ಮೇರಿಲ್ಯಾಂಡಿನ ಚೆಸ್ಟ್‌ನಟ್ ಲಾಡ್ಜ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಅವರು, 1955ರ ಲೇಖನವೊಂದರಲ್ಲಿ ತಮಗೆ ಸೂಪರ್‌ವಿಷನ್ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಹುಟ್ಟುವ ಕಿರಿಕಿರಿ, ಮಂಕು, ಗೊಂದಲಗಳನ್ನೇ ಸುಳಿವಾಗಿ ಹಿಡಿದರು. ರೋಗಿ ಮತ್ತು ಚಿಕಿತ್ಸಕರ ನಡುವೆ ನಡೆಯುತ್ತಿರುವುದು ಚಿಕಿತ್ಸಕ ಮತ್ತು ಸೂಪರ್‌ವೈಸರ್ ನಡುವೆ ಮರುಕಳಿಸುತ್ತದೆ ಎಂಬುದು ಅವರ ಅವಲೋಕನ. ಮೂರು ವರ್ಷದ ನಂತರ ರುಡಾಲ್ಫ್ ಎಕ್‌ಸ್ಟೈನ್ ಮತ್ತು ರಾಬರ್ಟ್ ವಾಲರ್‌ಸ್ಟೈನ್ ಈ ವಿಚಾರವನ್ನು ತಮ್ಮ ಪುಸ್ತಕದಲ್ಲಿ ವಿಸ್ತರಿಸಿದರು.

ಒಂದು ಕೇಸನ್ನು ಊಹಿಸಿಕೊಳ್ಳೋಣ. ಹೆಂಡತಿ ತೀರಿಕೊಂಡ ಮೇಲೆ ಮಂಕಾಗಿರುವ ಐವತ್ತರ ಗಂಡಸು. ಟ್ರೈನಿ ಏನು ಹೇಳಿದರೂ "ಅದರಿಂದ ಏನೂ ಆಗಲ್ಲ ಬಿಡಿ" ಎನ್ನುತ್ತಾರೆ. ಟ್ರೈನಿ ಸೂಪರ್‌ವೈಸರ್ ಬಳಿ ಬಂದು ಕೂರುತ್ತಾನೆ. ಅವರು ಒಂದು ದಾರಿ ಹೇಳುತ್ತಾರೆ. "ಮಾಡಿ ನೋಡಿದೆ ಸರ್, ಆಗಲಿಲ್ಲ." ಇನ್ನೊಂದು ಹೇಳುತ್ತಾರೆ. "ಅವರು ಒಪ್ಪಲ್ಲ ಸರ್." ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸೂಪರ್‌ವೈಸರ್ ದನಿ ಬಿಗಿಯಾಗಿದೆ, ಈ ಹುಡುಗನಿಗೆ ಕಲಿಯುವ ಮನಸ್ಸಿಲ್ಲ ಎಂದು ಒಳಗೊಳಗೇ ತೀರ್ಮಾನವಾಗುತ್ತಿದೆ. ಇಲ್ಲಿ ತಡೆದು, "ನಾನು ಹೇಳ್ತಾನೇ ಇದ್ದೀನಿ, ನೀವು ಆಗಲ್ಲ ಅಂತಾನೇ ಇದ್ದೀರಿ. ನನಗೆ ಸಿಟ್ಟು ಬರ್ತಿದೆ. ಅಲ್ಲಿ ನಿಮಗೂ ಹೀಗೇ ಆಗ್ತಿದೆಯಾ?" ಎಂದರೆ ಇಡೀ ಗಂಟೆಯ ದಿಕ್ಕು ಬದಲಾಗುತ್ತದೆ. ಸಲಹೆಗಳ ರಾಶಿಯ ಕೆಳಗೆ ಸಿಕ್ಕಿಹಾಕಿಕೊಂಡದ್ದು ಆ ಮನುಷ್ಯನ ಅಳು. ಅದನ್ನು ಕೇಳಲು ಯಾರೂ ಸಿದ್ಧರಿರಲಿಲ್ಲ. ಮಕ್ಕಳೂ, ಟ್ರೈನಿಯೂ, ಸೂಪರ್‌ವೈಸರೂ. ಆದರೆ ಎಲ್ಲ ಮನಸ್ತಾಪವನ್ನೂ ಈ ಲೆಕ್ಕಕ್ಕೆ ಹಾಕುವ ಚಾಳಿ ಕೆಲವರಲ್ಲಿದೆ. ಹತ್ತು ನಿಮಿಷ ತಡವಾಗಿ ಬಂದು, ಅರ್ಧ ಗಂಟೆ ಫೋನ್ ನೋಡುತ್ತಾ ಕೂತ ಸೂಪರ್‌ವೈಸರ್ ಮೇಲೆ ಟ್ರೈನಿಗೆ ಸಿಟ್ಟು ಬಂದರೆ ಅದಕ್ಕೆ ಕ್ಲೈಂಟ್ ಕಾರಣರಲ್ಲ. ಅಲ್ಲಿ ಬೇಕಿರುವುದು ಕ್ಷಮೆ ಕೇಳುವುದು.

ಕ್ಲೈಂಟಿನ ತಂದೆಯ ಕುಡಿತದ ಕಥೆ ಹೇಳುತ್ತಾ ಟ್ರೈನಿಯೇ ಅಳತೊಡಗಿದರೆ? ತನ್ನ ಮನೆಯ ಕಥೆಯೂ ಅದೇ ಆಗಿದ್ದರೆ? ಈ ಪ್ರಶ್ನೆ 1930ರ ದಶಕದಲ್ಲೇ ಮನೋವಿಶ್ಲೇಷಕರನ್ನು ಎರಡು ಪಂಗಡ ಮಾಡಿತ್ತು. ಟ್ರೈನಿಯ ಸ್ವಂತ ವಿಶ್ಲೇಷಣೆ ಮಾಡಿದವರೇ ಮೊದಲ ಕೇಸಿನ ಸೂಪರ್‌ವಿಷನ್ನನ್ನೂ ಮಾಡಲಿ ಎಂದರು ಬುಡಾಪೆಸ್ಟಿನವರು, ಮುಖ್ಯವಾಗಿ ವಿಲ್ಮಾ ಕೊವಾಚ್. ಎರಡೂ ಬೇರೆ ಬೇರೆಯವರ ಕೈಯಲ್ಲಿರಲಿ ಎಂಬುದು ಬರ್ಲಿನ್ ಮತ್ತು ವಿಯೆನ್ನಾದ ಪದ್ಧತಿ. ಕೊನೆಗೆ ಗೆದ್ದದ್ದು ಎರಡನೆಯದು, ಗೆದ್ದದ್ದು ಒಳ್ಳೆಯದೇ ಆಯಿತು. ಟ್ರೈನಿಯ ಅಂಕಪಟ್ಟಿ ಕೈಯಲ್ಲಿ ಹಿಡಿದವರು ಅವರ ಬಾಲ್ಯ ಕೆದಕಬಾರದು. ಹಾಗೆಂದು ಕರವಸ್ತ್ರ ಕೊಟ್ಟು ಮುಂದಿನ ಕೇಸಿಗೆ ಜಾರುವುದೂ ಕ್ರೌರ್ಯ. ಅಳು ಮುಗಿಯುವವರೆಗೆ ಕಾದು, "ಇದು ಈ ಕೇಸಿನಲ್ಲಿ ಎಲ್ಲಿ ಅಡ್ಡ ಬರ್ತಿದೆ ನೋಡೋಣ, ಉಳಿದದ್ದಕ್ಕೆ ನಿಮಗೊಬ್ಬರು ಥೆರಪಿಸ್ಟ್ ಬೇಕು" ಎನ್ನುವಷ್ಟು ಮಾಡಬಹುದು. ಕ್ಲೈಂಟ್ ಮೇಲೆ ಹುಟ್ಟುವ ಆಕರ್ಷಣೆಗೂ, ಅಸಹ್ಯಕ್ಕೂ, ಸೆಷನ್ನಿನಲ್ಲಿ ಬರುವ ನಿದ್ದೆಗೂ ಇದೇ ನೀತಿ. ಅವು ಬರುವುದು ತಪ್ಪಲ್ಲ ಎಂದು ಮೊದಲ ತಿಂಗಳಲ್ಲೇ ಹೇಳಿಬಿಟ್ಟರೆ ಅರ್ಧ ನಾಚಿಕೆ ಕಳೆಯುತ್ತದೆ.

ಜೀವದ ಪ್ರಶ್ನೆ ಬಂದಾಗ ಮಾತ್ರ ಈ ನಿಧಾನ ಸಲ್ಲದು. ಸಂಜೆ ಐದಕ್ಕೆ ಟ್ರೈನಿ ಬಂದು, "ನಾನಿಲ್ಲದಿದ್ರೆ ಮನೆಯವರಿಗೆ ಸುಲಭ" ಎಂದು ಕ್ಲೈಂಟ್ ಅಂದದ್ದನ್ನು ಮಾತಿನ ನಡುವೆ ಉಸುರಿದರೆ ಭಾವನೆಗಳ ಚರ್ಚೆ ನಿಲ್ಲಬೇಕು. ಸಾಯುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಿದೆಯಾ? ಮನೆಯಲ್ಲಿ ಯಾರಿದ್ದಾರೆ? ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದೆಯಾ? ಅಲ್ಲಿಂದಲೇ ಫೋನ್ ಮಾಡಬೇಕು, ಸೂಪರ್‌ವೈಸರ್ ಪಕ್ಕದಲ್ಲಿದ್ದು. ರಾತ್ರಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಕ್ಲೈಂಟಿನ ಕೈಯಲ್ಲಿರಬೇಕು.

ಹಿರಿಯರು ತಪ್ಪು ತೀರ್ಮಾನ ತೆಗೆದುಕೊಂಡರೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಟರಾಸಾಫ್ ಪ್ರಕರಣ ಸಾಕ್ಷಿ. ಬರ್ಕ್ಲಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿ ಪ್ರಸೇನ್‌ಜಿತ್ ಪೋದ್ದಾರ್, ಒಬ್ಬ ಯುವತಿಯನ್ನು ಕೊಲ್ಲುವ ಮಾತನ್ನು 1969ರಲ್ಲಿ ತನ್ನ ಮನಃಶಾಸ್ತ್ರಜ್ಞ ಲಾರೆನ್ಸ್ ಮೂರ್ ಎದುರು ಆಡಿದ. ಮೂರ್ ವಿಶ್ವವಿದ್ಯಾಲಯದ ಪೊಲೀಸರಿಗೆ ಪತ್ರ ಬರೆದರು. ಪೊಲೀಸರು ವಿಚಾರಿಸಿ ಬಿಟ್ಟುಬಿಟ್ಟರು. ಮೊಕದ್ದಮೆಯ ದಾಖಲೆಗಳ ಪ್ರಕಾರ, ಮೂರ್ ಅವರ ಮೇಲಿನ ಮನೋವೈದ್ಯ ಹಾರ್ವೆ ಪೊವೆಲ್ಸನ್ ಆ ಪತ್ರವನ್ನು ವಾಪಸು ತರಿಸಿಕೊಂಡು, ಪ್ರತಿಗಳನ್ನೂ ಚಿಕಿತ್ಸೆಯ ಟಿಪ್ಪಣಿಗಳನ್ನೂ ನಾಶಮಾಡಲು ಹೇಳಿದರು. ಅದೇ ವರ್ಷದ ಅಕ್ಟೋಬರ್ 27ರಂದು ಆ ಯುವತಿ, ಟಟಿಯಾನಾ ಟರಾಸಾಫ್, ಕೊಲೆಯಾದಳು. ಅಪಾಯದಲ್ಲಿರುವವರನ್ನು ರಕ್ಷಿಸಲು ತಕ್ಕ ಕ್ರಮ ಕೈಗೊಳ್ಳುವುದು ಚಿಕಿತ್ಸಕರ ಕರ್ತವ್ಯ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲಿ ತೀರ್ಪಿತ್ತಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಒಪ್ಪಿ, ಇತರರ ಜೀವಕ್ಕೆ ಅಪಾಯವಿದ್ದಾಗ ವಿನಾಯಿತಿ ಇಟ್ಟಿದೆ. ಮೂರ್ ಟ್ರೈನಿ ಆಗಿರಲಿಲ್ಲ. ಅನುಭವಿಯ ಎಚ್ಚರಿಕೆಗೇ ಹೀಗಾಯಿತೆಂದರೆ, ಎರಡನೇ ವರ್ಷದ ವಿದ್ಯಾರ್ಥಿನಿಯ ಆತಂಕವನ್ನು "ನೀವು ಹೊಸಬರು, ಹಾಗೇ ಅನ್ಸುತ್ತೆ" ಎಂದು ತಳ್ಳಿಹಾಕುವುದು ಎಷ್ಟು ಸುಲಭ!

ತುಂಬ ನೋವಿನ ಇನ್ನೊಂದು ಕೆಲಸವಿದೆ: ಕೆಲವರಿಗೆ ಈ ವೃತ್ತಿ ಹೊಂದುವುದಿಲ್ಲ ಎಂದು ಹೇಳುವುದು. ಅದನ್ನು ಕೊನೆಯ ತಿಂಗಳಿಗೆ ಮುಂದೂಡಿ, ಕೊನೆಗೆ ಪಾಪವೆನ್ನಿಸಿ ಪಾಸು ಮಾಡಿಬಿಡುವುದು ಟ್ರೈನಿಗೆ ತೋರಿದ ದಯೆಯಂತೆ ಕಾಣಬಹುದು. ಮುಂದಿನ ಮೂವತ್ತು ವರ್ಷ ಅವರ ಮುಂದೆ ಕೂರುವ ಕ್ಲೈಂಟುಗಳ ಪಾಲಿಗೆ ಅದು ದಯೆಯಲ್ಲ.

ಇಷ್ಟೆಲ್ಲ ಹೇಳಿದ್ದು ತರಬೇತಿ ಸಂಸ್ಥೆಗಳ ಒಳಗಿನ ಮಾತು. ಹೊರಗೆ, ಶಾಲೆಗಳಲ್ಲಿ, ಕಂಪನಿಗಳಲ್ಲಿ, ಮೊಬೈಲ್ ಆ್ಯಪುಗಳಲ್ಲಿ ಆಪ್ತಸಮಾಲೋಚಕರಾಗಿ ಕೂತ ಎಷ್ಟೋ ಯುವಜನರಿಗೆ ಬೇಸರಪಟ್ಟುಕೊಳ್ಳಲಾದರೂ ಒಬ್ಬ ಸೂಪರ್‌ವೈಸರ್ ಇಲ್ಲ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಗೆ ದೇಶಕ್ಕೇ ಮಾದರಿ ಒದಗಿಸಿದ್ದು ಎಂಬತ್ತರ ದಶಕದ ಬಳ್ಳಾರಿ ಪ್ರಯೋಗ. ಆ ಪ್ರಯೋಗ ನಡೆದ ನಮ್ಮ ರಾಜ್ಯದ ಜಿಲ್ಲಾಸ್ಪತ್ರೆಗಳಲ್ಲಿ ಒಬ್ಬಂಟಿಯಾಗಿ ಕೆಲಸ ಮಾಡುವ ಮನಃಶಾಸ್ತ್ರಜ್ಞರಿಗೆ ವಾರಕ್ಕೊಂದು ಗಂಟೆ ವಿಡಿಯೊ ಕರೆಯ ಸೂಪರ್‌ವಿಷನ್ ಏರ್ಪಡಿಸುವುದು ಖರ್ಚಿನ ಕೆಲಸವಲ್ಲ. ಕ್ಲೈಂಟ್ ಆಡಿದ ಕನ್ನಡದಲ್ಲೇ ಆ ಚರ್ಚೆಯೂ ನಡೆಯಲಿ. ಸಮಾಲೋಚಕರ ಬಳಿ ಹೋಗುವವರು ಕೂಡ ಮೊದಲ ದಿನವೇ ಕೇಳಬಹುದು: "ನನ್ನ ಕೇಸಿನಲ್ಲಿ ನಿಮಗೆ ದಾರಿ ತೋಚದಿದ್ದರೆ ಯಾರನ್ನು ಕೇಳುತ್ತೀರಿ? ನನ್ನ ಹೆಸರು ಹೇಳುತ್ತೀರಾ?" ಒಳ್ಳೆಯ ಸಮಾಲೋಚಕರು ಈ ಪ್ರಶ್ನೆಗೆ ಬೇಸರಿಸಿಕೊಳ್ಳುವುದಿಲ್ಲ.